ಓದುಗರ ಪ್ರಶ್ನೆ: ಇರುಳಿನ ಕೋಟೆಗೆ ಎಷ್ಟು ಹೊತ್ತು?

ಪ್ರಶ್ನೆ: ಚಿತ್ರದುರ್ಗದ ಕೋಟೆಯನ್ನು ಊರ ಕಡೆಯಿಂದ ರಾತ್ರಿ 4×5 ಇಂಚಿನ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದೆ. ಬೆಳಕು ಅಳೆಯುವ ಮೀಟರ್ ತೋರಿಸಿದ 60 ಸೆಕೆಂಡ್ ಕೊಟ್ಟರೂ ನೆಗೆಟಿವ್ ತೆಳು (ಬೆಳಕು ಸಾಲದೆ ಪೇಲವ), ಬಂಡೆಗಳ ಅಂಚು ಮಸುಕು. ಯಾಕೆ?

ಉತ್ತರ: ಬೆಳಕು ತೀರಾ ಮಂದವಾದಾಗ ಫಿಲ್ಮಿನ ಸ್ಪಂದನೆ ಕುಗ್ಗುತ್ತದೆ, ಮೀಟರಿಗೆ ಅದು ತಿಳಿಯದು. ಕಪ್ಪು-ಬಿಳುಪು ಫಿಲ್ಮ್ ಇಲ್ಫೋರ್ಡ್ ಎಚ್‌ಪಿ5 ಪ್ಲಸ್‌ ಆದರೆ ಸೆಕೆಂಡುಗಳ 1.31ನೇ ಘಾತ ತೆಗೆಯಿರಿ: 60ಕ್ಕೆ ಸುಮಾರು 213, ಅಂದರೆ ಮೂರೂವರೆ ನಿಮಿಷ. ದಯವಿಟ್ಟು ಡೆವಲಪಿಂಗ್ ಹೆಚ್ಚಿಸಿ ಸರಿದೂಗಿಸಬೇಡಿ. ಚಿತ್ರದಲ್ಲಿ ಬೀದಿದೀಪಗಳು ವಿವರವಿಲ್ಲದೆ ಬರೀ ಬಿಳಿಯಾಗುತ್ತವೆ, ಬಂಡೆಯ ನೆರಳಿನ ವಿವರ ಮಾತ್ರ ಬರುವುದಿಲ್ಲ.

ಮಸುಕಿಗೆ ಹೆಚ್ಚಾಗಿ ಗಾಳಿಯೇ ಕಾರಣ; ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ಚೀಲ, ಬೆಲ್ಲೋಸ್, ಹಾಯಿಯಂತೆ ಅದನ್ನು ಹಿಡಿಯುತ್ತದೆ. ಟ್ರೈಪಾಡ್ ತಗ್ಗಿಸಿ. ಗಾಳಿ ಬೀಸಿದಾಗ ಲೆನ್ಸಿಗೆ ತಾಗದಂತೆ ಕಪ್ಪು ರಟ್ಟು ಅಡ್ಡ ಹಿಡಿದು, ಆ ಹೊತ್ತನ್ನು ಲೆಕ್ಕದಿಂದ ಬಿಡಿ. ತೇವಕ್ಕೆ ಫಿಲ್ಮ್ ಹೋಲ್ಡರಿನೊಳಗೇ ಉಬ್ಬುವುದೂ ಉಂಟು. ಫಿಲ್ಮನ್ನು ಬೆಳಕಿನಿಂದ ಮುಚ್ಚುವ ಡಾರ್ಕ್ ಸ್ಲೈಡ್ ಎಳೆದ ಮೇಲೆ ಒಂದೆರಡು ನಿಮಿಷ ಕಾದು ಶಟರ್ ತೆರೆಯಿರಿ.