ಶಾಂಪೂ, ಕ್ರೀಮಿನಲ್ಲಿರುವ ಅಮೈನೊ ಆಮ್ಲದಿಂದ ನಿಜಕ್ಕೂ ಉಪಯೋಗ ಇದೆಯಾ?

ಇದೆ, ಆದರೆ ಜಾಹೀರಾತು ಹೇಳುವಷ್ಟಿಲ್ಲ. ಅಮೈನೊ ಆಮ್ಲ ಅಂದರೆ ಪ್ರೋಟೀನ್ ಕಟ್ಟಿರುವ ಸಣ್ಣ ಸಣ್ಣ ಘಟಕ. ಚರ್ಮದ ಮೇಲ್ಪದರದಲ್ಲಿ ತೇವ ಹಿಡಿದಿಡುವ ವಸ್ತುಗಳಲ್ಲಿ ಸುಮಾರು 40% ಅಮೈನೊ ಆಮ್ಲಗಳೇ, ಹಾಗಾಗಿ ಕ್ರೀಮಿನಲ್ಲಿ ಗ್ಲಿಸರಿನ್ ಜೊತೆ ಅವೂ ಇದ್ದರೆ ಒಳ್ಳೆಯದೇ.

ಕೂದಲಿನ ಕಥೆ ಬೇರೆ. ಬುಡದಿಂದ ಹೊರಬಂದ ಕೂದಲಿಗೆ ಜೀವ ಇರುವುದಿಲ್ಲ, ಅದಕ್ಕೆ 'ಪೋಷಣೆ' ಅನ್ನೋದೆಲ್ಲ ಸುಮ್ನೆ. ಲೇಬಲ್ ಮೇಲೆ 'ಹೈಡ್ರೊಲೈಸ್ಡ್' ಅಂತಿದ್ದರೆ ಗೋಧಿ, ರೇಷ್ಮೆಯಂಥ ಪ್ರೋಟೀನನ್ನು ಚೂರು ಮಾಡಿ ಹಾಕಿದ್ದಾರೆ ಎಂದರ್ಥ. ತೀರಾ ಸಣ್ಣ ಚೂರು ಕೂದಲೊಳಗೆ ಇಳಿಯುತ್ತದೆ, ದೊಡ್ಡದು ಮೇಲೆ ಕೂತು ನಯ ಮಾಡುತ್ತದೆ, ತಲೆ ತೊಳೆಯುತ್ತಾ ಹೋದಂತೆ ಅದೂ ಹೋಗುತ್ತದೆ. (ಮೊಟ್ಟೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ, ಅದರ ಪ್ರೋಟೀನ್ ತುಂಬಾ ದೊಡ್ಡದು.) ನಮ್ಮ ಹಾಸನ, ಅರಸೀಕೆರೆ ಕಡೆ ಬೋರ್‌ವೆಲ್‌ನ ಗಡುಸು ನೀರಿಗೆ ಕೂದಲು ಒರಟಾಗಿದ್ದರೆ ಪ್ರೋಟೀನ್ ಇರುವ ಕಂಡೀಷನರ್ ತಗೊಳ್ಳಿ, ಶಾಂಪೂವಿನದು ಜಾಸ್ತಿ ಪಾಲು ನೀರಿನ ಜೊತೆಗೇ ಹರಿದುಹೋಗುತ್ತದೆ. ಗೋಧಿ ಅಲರ್ಜಿ ಇದ್ದವರು ಗೋಧಿ ಪ್ರೋಟೀನ್ ಇರುವುದನ್ನು ಬಿಡಿ.