ಸೆಪ್ಟಿಕ್ ಟ್ಯಾಂಕಿನ ಒಳಗಿನ ಬ್ಯಾಫಲ್ ಮುರಿದಿದೆ: ಹೊಸ ಟ್ಯಾಂಕ್ ಬೇಕಾ, ರಿಪೇರಿ ಸಾಕಾ?

ನೀವು ಕೇಳಿದ್ದು ಇಷ್ಟು: ಕಾಂಕ್ರೀಟ್ ಟ್ಯಾಂಕ್, 25 ವರ್ಷ ಹಳೆಯದು. ಖಾಲಿ ಮಾಡಲು ಬಂದವರು ಟಾರ್ಚ್ ಬಿಟ್ಟು ನೋಡಿ, ನೀರು ಹೊರಗೆ ಹೋಗುವ ಕಡೆಯ ಬ್ಯಾಫಲ್ (ಪೈಪಿನ ಬಾಯಿಯ ಮುಂದಿರುವ ತಡೆ) ಕರಗಿ ಬಿದ್ದುಹೋಗಿದೆ, ಗೋಡೆಯ ಮೇಲ್ಭಾಗವೂ ಉದುರುತ್ತಿದೆ ಅಂದರು. ಇಡೀ ಟ್ಯಾಂಕ್ ಒಡೆದು ಹೊಸದು ಮಾಡಿಸಬೇಕಾ, ಇಲ್ಲ ನೀವೇ ಒಳಗಿಳಿದು ಗಾರೆ ಮೆತ್ತಿದರೆ ಆಗುತ್ತಾ ಅಂತ.

ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಳಿಯಬೇಡಿ. ಖಾಲಿ ಮಾಡಿಸಿದ್ದೇನಲ್ಲ, ಮುಚ್ಚಳ ಒಂದು ದಿನ ತೆರೆದಿಟ್ಟಿದ್ದೇನಲ್ಲ ಅಂದುಕೊಂಡು ಕೂಡ ಇಳಿಯಬೇಡಿ. ತಳದಲ್ಲಿ ಉಳಿದ ಕೆಸರನ್ನು ಕಾಲಲ್ಲಿ ಕದಡಿದರೆ ಸಾಕು, ಅದರೊಳಗೆ ಹಿಡಿದಿಟ್ಟುಕೊಂಡಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಮೇಲೇಳುತ್ತದೆ. ಅದು ಗಾಳಿಗಿಂತ ಭಾರ, ಗುಂಡಿಯಲ್ಲೇ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹತ್ತಿಬಿಡುತ್ತೇನೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ ಆದಾಗಲೇ ಕೆಲವು ನಿಮಿಷಗಳಲ್ಲಿ ಮೂಗು ಸತ್ತುಹೋಗುತ್ತದೆ, ವಾಸನೆ ಇಲ್ಲ ಅನ್ನಿಸುತ್ತದೆ. 500 ದಾಟಿದರೆ ಮನುಷ್ಯ ಕುಸಿದು ಬೀಳುತ್ತಾನೆ, 1000ದ ಹತ್ತಿರ ಒಂದೆರಡು ಉಸಿರೇ ಸಾಕು. ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಕೂಲಿ ಕೊಟ್ಟು ಬೇರೆಯವರನ್ನು ಇಳಿಸುವುದೂ ಬೇಡ, ಅವರ ಉಸಿರೂ ನಮ್ಮದರ ಹಾಗೆಯೇ. ನಾನು ಮುಂದೆ ಹೇಳುವುದೆಲ್ಲ ಮೇಲೆ ನಿಂತು, ಕೋಲು, ಹಗ್ಗ, ಉದ್ದ ಹಿಡಿಯ ಸ್ಪ್ಯಾನರ್‌ನಿಂದ ಮಾಡುವ ಕೆಲಸ.

ಇನ್ನು ಹೊಸ ಟ್ಯಾಂಕ್ ಬೇಕಾ ಅನ್ನುವುದು. ಬ್ಯಾಫಲ್ ಹೋಯಿತು ಅನ್ನುವ ಒಂದೇ ಕಾರಣಕ್ಕೆ ಬೇಡ. ಅದು ನೂರು ಮಿ.ಮೀ. ಪಿವಿಸಿ ಪೈಪು, ಒಂದು ಟೀ ಫಿಟ್ಟಿಂಗ್ (T ಆಕಾರದ ಪೈಪು ತುಂಡು), ಪೈಪುಗಳನ್ನು ಸೇರಿಸುವ ಒಂದು ರಬ್ಬರ್ ಕಪ್ಲಿಂಗ್‌ನಲ್ಲಿ ಮುಗಿಯುವ ರಿಪೇರಿ. ಟ್ಯಾಂಕಿನ ಆಯುಸ್ಸು ತೀರ್ಮಾನ ಆಗುವುದು ಬ್ಯಾಫಲ್‌ನಿಂದಲ್ಲ, ಗೋಡೆ ಮತ್ತು ಮೇಲಿನ ಸ್ಲ್ಯಾಬಿನಿಂದ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬ್ಯಾಫಲ್ ಇಲ್ಲದಿದ್ದರೆ ಏನು ಮಹಾ ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಟ್ಯಾಂಕಿನೊಳಗೆ ಮೂರು ಪದರ ಇರುತ್ತದೆ. ಅಡಿಯಲ್ಲಿ ಹೂಳು, ಮೇಲೆ ಜಿಡ್ಡು ಸೋಪಿನ ಕೆನೆ, ನಡುವೆ ಒಂದಷ್ಟು ತಿಳಿನೀರು. ಹೊರಗೆ ಹೋಗಬೇಕಾದದ್ದು ಆ ನಡುವಿನ ನೀರು ಮಾತ್ರ. ಆದರೆ ಹೊರಹೋಗುವ ಪೈಪಿನ ಬಾಯಿ ಇರುವುದು ನೀರಿನ ಮೇಲ್ಮಟ್ಟದಲ್ಲೇ, ಅಂದರೆ ಕೆನೆ ತೇಲುವ ಜಾಗದಲ್ಲಿ. ಬ್ಯಾಫಲ್ ಅಥವಾ ಟೀ ತನ್ನ ಕಾಲನ್ನು ಕೆಳಗೆ ಇಳಿಬಿಟ್ಟು ನಡುವಿನ ನೀರನ್ನು ಹೀರಿ ಕೊಡುತ್ತದೆ. ಅದು ಬಿದ್ದುಹೋದರೆ ಜಿಡ್ಡು ಸೀದಾ ಇಂಗುಗುಂಡಿಗೆ ಹೋಗುತ್ತದೆ. ಮನೆಯೊಳಗೆ ಏನೂ ಗೊತ್ತಾಗುವುದಿಲ್ಲ, ಫ್ಲಷ್ ಚೆನ್ನಾಗಿಯೇ ಹೋಗುತ್ತಿರುತ್ತದೆ. ಗೊತ್ತಾಗುವ ಹೊತ್ತಿಗೆ ಇಂಗುಗುಂಡಿಯ ಮಣ್ಣಿನ ರಂಧ್ರಗಳೆಲ್ಲ ಕಟ್ಟಿಕೊಂಡು ನೀರು ಇಂಗುವುದೇ ನಿಂತಿರುತ್ತದೆ. ಟೀ ಹಾಕುವುದು ಅರ್ಧ ದಿನದ ಕೆಲಸ, ಇಂಗುಗುಂಡಿ ಮತ್ತೆ ತೋಡುವುದು ಹಾಗಲ್ಲ.

ನೀರು ಒಳಬರುವ ಕಡೆಯ ಬ್ಯಾಫಲ್ ಹೋದರೆ ಅಷ್ಟು ಬೇಗ ಅನಾಹುತ ಆಗುವುದಿಲ್ಲ. ಬಂದ ನೀರು ಕೆನೆಯನ್ನು ಕಲಕುತ್ತದೆ, ಹೂಳು ಸರಿಯಾಗಿ ತಂಗುವುದಿಲ್ಲ. ಹೇಗೂ ಟ್ಯಾಂಕ್ ಖಾಲಿ ಇದೆ, ಎರಡನ್ನೂ ಒಟ್ಟಿಗೆ ನೋಡಿಬಿಡಿ.

ಬ್ಯಾಫಲ್ ಕರಗಿದ್ದೇಕೆ ಅಂತ ತಿಳಿದರೆ ಗಾರೆ ಏಕೆ ಬೇಡ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನೀರಿನೊಳಗಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ಮೇಲೆದ್ದು ಒದ್ದೆ ಗೋಡೆಗೆ, ಸ್ಲ್ಯಾಬಿನ ಅಡಿಗೆ ಅಂಟುತ್ತದೆ. ಅಲ್ಲಿ ಗಾಳಿ ಸಿಗುವ ಕಡೆ ಬೆಳೆಯುವ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಸಿಡ್ ಮಾಡುತ್ತವೆ. ಆಸಿಡ್ ಸಿಮೆಂಟಿನ ಸುಣ್ಣದ ಜೊತೆ ಸೇರಿ ಜಿಪ್ಸಮ್ ಆಗುತ್ತದೆ. ಉಗುರಿನಲ್ಲಿ ಕೆರೆದರೆ ಬರುವ, ಒದ್ದೆ ಸೀಮೆಸುಣ್ಣದಂಥ ಬಿಳಿ ಪದಾರ್ಥ. ಅದಕ್ಕೇ ನೀರಿನ ಮಟ್ಟದಿಂದ ಕೆಳಗಿನ ಗೋಡೆ ಗಟ್ಟಿಯಾಗಿದ್ದು, ಮೇಲಿನದು ಮಾತ್ರ ಉದುರುವುದು. ನಿಮ್ಮ ಟ್ಯಾಂಕ್‌ನದೂ ಅದೇ ಕಥೆ.

ನಾನು ಮೊದಲ ಸಲ ಈ ರಿಪೇರಿ ಮಾಡಿದಾಗ ಮುರಿದ ಕಾಂಕ್ರೀಟ್ ಬ್ಯಾಫಲ್‌ಗೆ ಒಬ್ಬ ಮೇಸ್ತ್ರಿಯ ಮಾತು ಕೇಳಿ ತಂತಿ ಜಾಲರಿ ಕಟ್ಟಿಸಿ ಸಿಮೆಂಟ್ ಮೆತ್ತಿಸಿದೆ. ನೋಡಲು ಬಲು ಚೆಂದವಾಗಿತ್ತು. ಮೂರನೇ ವರ್ಷ ಮುಚ್ಚಳ ತೆಗೆದರೆ ಜಾಲರಿಯೂ ಇಲ್ಲ, ಸಿಮೆಂಟೂ ಇಲ್ಲ. ಜಾಲರಿ ತುಕ್ಕು ಹಿಡಿದಿತ್ತು, ಗಾರೆ ಅಂಟಿಕೊಂಡಿದ್ದು ಆ ಸುಣ್ಣದ ಪುಡಿಗೇ ಹೊರತು ಗೋಡೆಗಲ್ಲ. ಆಸಿಡ್‌ಗೆ ಜಗ್ಗದ್ದು ಪಿವಿಸಿ. ಒಳಗೆ ಹೋಗುವ ಸ್ಕ್ರೂ, ಕ್ಲ್ಯಾಂಪ್ ಏನಿದ್ದರೂ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ.

ಈಗ ಕೆಲಸ. ಹೊರಹೋಗುವ ಪೈಪಿನ ನೇರ ಮೇಲೆ ಮುಚ್ಚಳ ಇದೆಯಾ ನೋಡಿ. ಎಷ್ಟೋ ಹಳೆಯ ಟ್ಯಾಂಕ್‌ಗಳಲ್ಲಿ ನಡುವೆ ಒಂದೇ ಮುಚ್ಚಳ ಇರುತ್ತದೆ, ಅಲ್ಲಿಂದ ಕೈ ಎಟುಕುವುದಿಲ್ಲ. ಹಾಗಿದ್ದರೆ ಸ್ಲ್ಯಾಬ್ ಗಟ್ಟಿ ಇದೆ ಅಂತ ಖಾತ್ರಿ ಮಾಡಿಕೊಂಡು, ಕಾಂಕ್ರೀಟ್ ಕಟ್ಟರ್ ಇರುವವರಿಂದ ಅಲ್ಲೊಂದು ಬಾಯಿ ಕೊಯ್ಯಿಸಿ. ಒಳಗೆ ಮೀಥೇನ್ ಇರಬಹುದು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಟ್ಯಾಂಕ್ ಖಾಲಿ ಮಾಡಿಸಿ, ಬ್ಲೋವರ್‌ನಿಂದ ಹೊಸ ಗಾಳಿ ಬಿಟ್ಟುಕೊಂಡೇ, ಬ್ಲೇಡಿಗೆ ನೀರು ಹಾಯಿಸುತ್ತಾ ಕೊಯ್ಯಬೇಕು. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ನಿಜ ಹೇಳಬೇಕೆಂದರೆ ಇಡೀ ರಿಪೇರಿಯಲ್ಲಿ ದೊಡ್ಡ ಕೆಲಸ ಇದೇ. ಕೊಯ್ದ ಬಾಯಿಗೆ ನೆಲಮಟ್ಟದವರೆಗೆ ಒಂದು ರೈಸರ್ (ಬಾಯಿಯನ್ನು ಮೇಲಕ್ಕೆ ತರುವ ಕೊಳವೆ) ಕೂರಿಸಿಬಿಟ್ಟರೆ ಮುಂದಿನ ಸಲ ಮಣ್ಣು ಅಗೆಯುವ ಪಾಡಿಲ್ಲ.

ಒಳಗೆ ಕಣ್ಣು ಹಾಯಿಸಲು ತಲೆ ಬಗ್ಗಿಸಬೇಡಿ. ಉದ್ದ ಕೋಲಿಗೆ ಮೊಬೈಲ್ ಬಿಗಿಯಾಗಿ ಕಟ್ಟಿ ವಿಡಿಯೋ ತೆಗೆಯಿರಿ. ಬಿಗಿಯಾಗಿ ಅಂತ ಯಾಕೆ ಹೇಳಿದೆ ಅಂತ ಕೇಳಬೇಡಿ. ಹಳೆಯ ಬ್ಯಾಫಲ್‌ನ ಉಳಿದ ತುಂಡುಗಳನ್ನು ಹಾರೆಯಿಂದ ಮೇಲಿನಿಂದಲೇ ತಟ್ಟಿ ಬೀಳಿಸಿ, ಕೊಕ್ಕೆಯಲ್ಲಿ ಎತ್ತಿ ಹಾಕಿ. ಆಮೇಲೆ ಪೈಪಿನ ತುದಿ ಗೋಡೆಯಿಂದ ಒಳಕ್ಕೆ ಎಷ್ಟು ಚಾಚಿದೆ ನೋಡಿ.

ನಾಲ್ಕು ಇಂಚಿನಷ್ಟು ಚಾಚಿದ್ದರೆ ನೀವು ಅದೃಷ್ಟವಂತರು. ಟೀ, ಅದರ ಕೆಳಗಿನ ಕಾಲು, ಮೇಲಿನ ಗಿಡ್ಡ ತುಂಡು, ಪಕ್ಕದ ಮೊಟಕು ಪೈಪು, ಎಲ್ಲವನ್ನೂ ಹೊರಗೇ ಒಣ ಜಾಗದಲ್ಲಿ ಸೊಲ್ಯೂಷನ್ ಹಚ್ಚಿ ಜೋಡಿಸಿಕೊಳ್ಳಿ. ಒದ್ದೆ ಪೈಪಿಗೆ ಒಳಗೆ ಅಂಟು ಹಾಕುತ್ತೇನೆ ಅಂದರೆ ಅದು ಹಿಡಿಯುವುದಿಲ್ಲ. ಮೊಟಕು ಪೈಪಿಗೆ ರಬ್ಬರ್ ಕಪ್ಲಿಂಗ್ ಏರಿಸಿ, ಟೀಗೆ ಹಗ್ಗ ಕಟ್ಟಿ ಇಳಿಸಿ, ಹಳೆಯ ಪೈಪಿನ ತುದಿಗೆ ತಳ್ಳಿ, ಉದ್ದ ಹಿಡಿಯ ಸ್ಪ್ಯಾನರ್‌ನಿಂದ ಕ್ಲ್ಯಾಂಪ್ ಬಿಗಿಯಿರಿ. ಕ್ಲ್ಯಾಂಪ್‌ನ ತಿರುಪು ಮೇಲ್ಮುಖವಾಗಿ ಇರುವ ಹಾಗೆ ಮೊದಲೇ ತಿರುಗಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಇಳಿಸಿ ಎರಡು ಸಲ ಎತ್ತಬೇಕಾಗುತ್ತದೆ.

ಪೈಪು ಗೋಡೆಯ ಮಟ್ಟಕ್ಕೇ ಕೊಯ್ದಂತಿದ್ದರೆ ಹಿಡಿಯಲು ಜಾಗವೇ ಇಲ್ಲ. ಆಗ ಕೆಲವರು ಸ್ವಲ್ಪ ಸಣ್ಣ ಪೈಪನ್ನು ಹಳೆಯದರೊಳಗೆ ತೂರಿಸಿ ಟೀ ಕೂರಿಸುತ್ತಾರೆ. ಹೊರಹೋಗುವ ಕಡೆ ಇದು ನಡೆಯುತ್ತದೆ, ಏಕೆಂದರೆ ನೀರು ಸಣ್ಣದರಿಂದ ದೊಡ್ಡದಕ್ಕೆ ಹರಿಯುತ್ತದೆ. ಒಳಬರುವ ಕಡೆ ಇದನ್ನೇ ಮಾಡಿದರೆ ಸಣ್ಣ ಪೈಪಿನ ಅಂಚು ಹರಿವಿಗೆ ಎದುರಾಗಿ ನಿಲ್ಲುತ್ತದೆ, ಬಂದದ್ದೆಲ್ಲ ಅದಕ್ಕೆ ಸಿಕ್ಕಿಕೊಂಡು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಆ ಕಡೆಗೆ ಟ್ಯಾಂಕಿನ ಹೊರಗೆ ಅಗೆದು, ಗೋಡೆಯಲ್ಲಿರುವ ತುಂಡನ್ನು ಬಿಡಿಸಿ, ಒಳಕ್ಕೆ ಚಾಚುವಂತೆ ಹೊಸ ಪೈಪು ತೂರಿಸುವುದೇ ಸರಿ. ಗೋಡೆಗೂ ಪೈಪಿಗೂ ನಡುವಿನ ಸಂದಿಗೆ ರಬ್ಬರ್ ಸೀಲ್ ಒಳ್ಳೆಯದು. ಬರೀ ಸಿಮೆಂಟ್ ತುಂಬಿದರೆ ಹೊರಗಿನ ಮಣ್ಣು ಒಂದಿಷ್ಟು ಕುಸಿದಾಗ ಬಿರುಕು ಬಿಡುತ್ತದೆ, ಬಿರುಕು ಕಂಡರೆ ಗಿಡದ ಬೇರು ಬಿಡುವುದಿಲ್ಲ.

ಅಳತೆಯಲ್ಲಿ ತಪ್ಪಿದರೆ ಇಷ್ಟೆಲ್ಲ ಮಾಡಿದ್ದೂ ದಂಡ. ಹೊರಹೋಗುವ ಟೀಯ ಕಾಲು ನೀರಿನ ಆಳದ ಸುಮಾರು ಶೇ. 40ರಷ್ಟು ಕೆಳಕ್ಕೆ ಇಳಿಯಬೇಕು. ನೀರು ಒಂದೂವರೆ ಮೀಟರ್ ನಿಲ್ಲುವುದಾದರೆ ಕಾಲು 60 ಸೆಂ.ಮೀ. ಗಿಡ್ಡವಾದರೆ ಕೆನೆ ಎಳೆಯುತ್ತದೆ, ಉದ್ದವಾದರೆ ಹೂಳು ಎಳೆಯುತ್ತದೆ. ಒಳಬರುವ ಟೀಯ ಕಾಲು ನೀರಿನೊಳಗೆ ಕನಿಷ್ಠ 15 ಸೆಂ.ಮೀ. ಮುಳುಗಿರಲಿ, ಹೊರಹೋಗುವುದಕ್ಕಿಂತ ಆಳ ಬೇಡ. ಎರಡರ ತಲೆಯೂ ನೀರಿನ ಮೇಲೆ 15 ಸೆಂ.ಮೀ. ಇದ್ದು, ಸ್ಲ್ಯಾಬಿಗೆ ತಾಗದೆ ಎರಡು ಮೂರು ಸೆಂ.ಮೀ. ಆದರೂ ಸಂದಿ ಬಿಡಬೇಕು. ಆ ತಲೆಗೆ ಕ್ಯಾಪ್ ಹಾಕಬೇಡಿ! ವಾಸನೆ ಬರುತ್ತದೆ ಅಂತ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಟ್ಯಾಂಕಿನ ಗ್ಯಾಸ್ ಹೊರಬೀಳುವುದೇ ಒಳಬರುವ ಟೀಯ ತಲೆಯ ಮೂಲಕ, ಮನೆಯ ವೆಂಟ್ ಪೈಪಿನಿಂದ ಮೇಲಕ್ಕೆ. ಕಟ್ಟಿಕೊಂಡಾಗ ಕೋಲು ಹಾಕಿ ಬಿಡಿಸುವುದಕ್ಕೂ ಅದೇ ದಾರಿ.

ಹೊರಹೋಗುವ ಟೀಯೊಳಗೆ ಕೂರುವ ಫಿಲ್ಟರ್ ಸಿಗುತ್ತದೆ, ಇಂಗುಗುಂಡಿಗೆ ಒಳ್ಳೆಯ ಕಾವಲು. ನಾನು ಹಾಕಿಸಿದ್ದೇನೆ. ಆದರೆ ವರ್ಷಕ್ಕೆ ಒಂದು ಸಲವಾದರೂ ಎತ್ತಿ ತೊಳೆಯುವ ಮನಸ್ಸಿಲ್ಲದಿದ್ದರೆ ಹಾಕಬೇಡಿ, ಕಟ್ಟಿಕೊಂಡು ನೀರು ಮನೆಗೇ ವಾಪಸ್ ಬರುತ್ತದೆ. ತೊಳೆದ ನೀರು ಒಳಬರುವ ಕಡೆಯ ಬಾಯಿಗೇ ಬೀಳಬೇಕು.

ಗೋಡೆ ಮತ್ತು ಸ್ಲ್ಯಾಬ್. ಕಬ್ಬಿಣದ ಸರಳಿನಿಂದ ಗೋಡೆಯನ್ನು ಮೇಲಿನಿಂದಲೇ ಕೆರೆಯುತ್ತಾ ಹೋಗಿ. ಅರ್ಧ ಇಂಚು ಪುಡಿ ಉದುರಿ ಆಮೇಲೆ ಠಣ್ ಅಂದರೆ ಗೋಡೆಗೆ ಇನ್ನೂ ಜೀವ ಇದೆ, ಸುಮ್ಮನೆ ಬಿಡಿ. ಮೇಲೆ ನಿಂತು ಹಚ್ಚುವ ಲೇಪನ ಒದ್ದೆ ಜಿಪ್ಸಮ್ ಮೇಲೆ ನಿಲ್ಲುವುದಿಲ್ಲ, ಅದಕ್ಕೆ ಕಾಸು ಸುರಿಯಬೇಡಿ. ಒಳಗಿಳಿದು ಮರಳು ಸಿಡಿಸಿ ಎಪಾಕ್ಸಿ ಹಚ್ಚುವ ರಿಪೇರಿಯೂ ಇದೆ, ಅದು ಗ್ಯಾಸ್ ಮೀಟರ್, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್, ಮೇಲೆತ್ತುವ ಟ್ರೈಪಾಡ್ ಇಟ್ಟುಕೊಂಡ ತಂಡದ ಕೆಲಸ. ಸರಳು ಎರಡು ಇಂಚು ಒಳಹೊಕ್ಕರೆ, ಸ್ಲ್ಯಾಬಿನ ಅಡಿಯಲ್ಲಿ ತುಕ್ಕು ಹಿಡಿದ ಕಂಬಿ ಕಂಡರೆ, ಅವತ್ತೇ ಸುತ್ತ ಬೇಲಿ ಕಟ್ಟಿ, ಮಕ್ಕಳನ್ನು ದೂರ ಇಡಿ, ನೀವೂ ಮೇಲೆ ನಿಲ್ಲಬೇಡಿ. ಗೋಡೆ ಚೆನ್ನಾಗಿದ್ದು ಸ್ಲ್ಯಾಬ್ ಮಾತ್ರ ಹೋಗಿದ್ದರೆ ಸ್ಲ್ಯಾಬ್ ಅಷ್ಟನ್ನೇ ಬದಲಾಯಿಸಬಹುದು. ಎರಡೂ ಹೋಗಿದ್ದರೆ ಮಾತ್ರ ಹೊಸ ಟ್ಯಾಂಕಿನ ಮಾತು.

ಎಲ್ಲ ಮುಗಿದ ಮೇಲೆ ಟ್ಯಾಂಕನ್ನು ಖಾಲಿ ಬಿಡಬೇಡಿ, ನೀರು ತುಂಬಿಸಿ. ಅಂತರ್ಜಲ ಮೇಲಿರುವ ಜಾಗದಲ್ಲಿ ಖಾಲಿ ಟ್ಯಾಂಕ್, ಅದರಲ್ಲೂ ಪ್ಲಾಸ್ಟಿಕ್ ಮತ್ತು ಫೈಬರ್‌ನದು, ನೆಲದೊಳಗಿಂದ ಬುರುಡೆಯ ಹಾಗೆ ತೇಲಿ ಬಂದು ಪೈಪುಗಳನ್ನೆಲ್ಲ ಮುರಿಯುತ್ತದೆ. ತುಂಬಿಸುವುದರಿಂದ ಪರೀಕ್ಷೆಯೂ ಆಗುತ್ತದೆ: ಹೊರಹೋಗುವ ಪೈಪಿನ ಅಂಚಿನವರೆಗೆ ತುಂಬಿಸಿ, ಒಂದು ದಿನ ಮನೆಯ ನೀರು ಬಿಡದೆ ನೋಡಿ. ಮಟ್ಟ ಇಳಿದರೆ ಎಲ್ಲೋ ಸೋರುತ್ತಿದೆ. ಆಮೇಲೆ ಒಂದೆರಡು ಬಕೆಟ್ ಸುರಿದಾಗ ನೀರು ಹೊರಹೋಗದೆ ಮಟ್ಟ ಏರುತ್ತಾ ನಿಂತರೆ, ಜಿಡ್ಡು ಈಗಾಗಲೇ ಇಂಗುಗುಂಡಿ ಸೇರಿ ಅದು ಕಟ್ಟಿಕೊಂಡಿರಬಹುದು.

ಬ್ಯಾಕ್ಟೀರಿಯಾ ಪುಡಿ, ಯೀಸ್ಟ್ ಹಾಕಿ ಅಂತ ಯಾರಾದರೂ ಹೇಳುತ್ತಾರೆ, ಬೇಡ. ಟ್ಯಾಂಕಿಗೆ ಬೇಕಾದ ಬ್ಯಾಕ್ಟೀರಿಯಾ ಮನೆಯಿಂದ ದಿನವೂ ಹೋಗುತ್ತಲೇ ಇರುತ್ತವೆ. ಅದರ ಬದಲು ಟೀಯ ಕಾಲಿನ ತುದಿ ಮುಚ್ಚಳದಿಂದ ಎಷ್ಟು ಕೆಳಗಿದೆ ಅಂತ ಅಳೆದು ಮುಚ್ಚಳದ ಒಳಬದಿಗೆ ಬರೆದಿಡಿ. ಮುಂದೆ ಕೋಲು ಹಾಕಿ ನೋಡಿದಾಗ ಹೂಳು ಆ ತುದಿಯಿಂದ 30 ಸೆಂ.ಮೀ. ಒಳಗೆ ಬಂದಿದ್ದರೆ, ಅಥವಾ ಕೆನೆಯ ಅಡಿ 15 ಸೆಂ.ಮೀ. ಒಳಗೆ ಇಳಿದಿದ್ದರೆ, ಖಾಲಿ ಮಾಡಿಸುವ ಹೊತ್ತಾಯಿತು.

ಹೊರಹೋಗುವ ಪೈಪಿನ ತುದಿಯ ಫೋಟೋ ಒಂದು ಹಾಕಿ. ಒಳಗೆ ಎಷ್ಟು ಚಾಚಿದೆ ಅಂತ ಕಂಡರೆ ಕಪ್ಲಿಂಗ್ ಸಾಕಾ, ಹೊರಗಿನಿಂದ ಅಗೆಯಬೇಕಾ ಅಂತ ಹೇಳಬಲ್ಲೆ.