ಕಾರು, ರೇಸಿಂಗ್ ಲೋಕದಲ್ಲಿ ಒಬ್ಬರನ್ನು ಸಂದರ್ಶನ ಮಾಡುವ ಅವಕಾಶ ಸಿಕ್ಕರೆ ಯಾರನ್ನು ಆರಿಸಿಕೊಳ್ಳುತ್ತೀರಿ?

ಚಾಂಪಿಯನ್‌ಗಳನ್ನಂತೂ ಅಲ್ಲ. ಫಾರ್ಮುಲಾ ಒನ್‌ನ ಹ್ಯಾಮಿಲ್ಟನ್, ವೆರ್ಸ್ಟಾಪೆನ್ ಅಂಥವರ ಮುಂದೆ ರೇಸ್ ಇದ್ದಾಗಲೆಲ್ಲ ಮೈಕುಗಳ ಸಾಲೇ ಇರುತ್ತದೆ. ಕೇಳಬೇಕಾದ್ದನ್ನೆಲ್ಲ ಕೇಳಿ ಆಗಿದೆ, ಅವರಿಗೂ ಉತ್ತರ ಬಾಯಿಪಾಠ ಆಗಿಬಿಟ್ಟಿದೆ. ಕಾರು ಚೆನ್ನಾಗಿತ್ತು, ತಂಡಕ್ಕೆ ಥ್ಯಾಂಕ್ಸ್, ಮುಂದಿನ ರೇಸ್ ನೋಡೋಣ, ಅಷ್ಟೇ. ನನಗೆ ಒಂದು ಗಂಟೆ ಸಿಕ್ಕರೆ ಅವರ ಅಕ್ಕಪಕ್ಕ ಇದ್ದು ಎಲ್ಲವನ್ನೂ ನೋಡಿದವರನ್ನು ಹುಡುಕಿಕೊಂಡು ಹೋಗುತ್ತೇನೆ. ನೀವು ಒಬ್ಬರು ಅಂದಿದ್ದೀರಿ, ನಾನು ಒಬ್ಬರಿಗೇ ನಿಲ್ಲಿಸೋದು ಕಷ್ಟ.

ಮೊದಲ ಹೆಸರು ಬರ್ನ್ಡ್ ಮೈಲೆಂಡರ್. 2000ದಿಂದ ಫಾರ್ಮುಲಾ ಒನ್ ಸೇಫ್ಟಿ ಕಾರು, ಅಂದರೆ ಅಪಘಾತ ಆದಾಗಲೋ ಮಳೆ ಜೋರಾದಾಗಲೋ ರೇಸ್ ಕಾರುಗಳ ಮುಂದೆ ಹೋಗಿ ಅವುಗಳ ವೇಗ ತಗ್ಗಿಸುವ ಕಾರು, ಓಡಿಸುತ್ತಿರುವ ಜರ್ಮನ್. ಅದೇ ವರ್ಷ ನ್ಯೂರ್ಬರ್ಗ್‌ರಿಂಗ್ 24 ಗಂಟೆ ರೇಸನ್ನೂ ಗೆದ್ದವರು, ಅಂದರೆ ಸುಮ್ನೆ ಯಾರೋ ಡ್ರೈವರ್ ಅಲ್ಲ. ಟಿವಿಯಲ್ಲಿ ನೋಡಿದರೆ ಸೇಫ್ಟಿ ಕಾರು ಆರಾಮಾಗಿ ಹೋಗುತ್ತಿದೆ ಅನ್ನಿಸುತ್ತದೆ ಅಲ್ವಾ? ಅಪಘಾತದ ಜಾಗ ದಾಟಿದ ಮೇಲೆ ಅವರು ಆ ಕಾರಿನಿಂದ ಎಷ್ಟು ವೇಗ ತೆಗೆಯಬಹುದೋ ಅಷ್ಟನ್ನೂ ತೆಗೆಯುತ್ತಿರುತ್ತಾರೆ, ಯಾಕಂದ್ರೆ ಹಿಂದಿರುವ ರೇಸ್ ಕಾರುಗಳ ಟೈರ್ ಮತ್ತು ಬ್ರೇಕ್ ತಣ್ಣಗಾದರೆ ಹಿಡಿತವೇ ಸಿಗುವುದಿಲ್ಲ, ಆಮೇಲೆ ರೇಸ್ ಮತ್ತೆ ಶುರುವಾದಾಗ ಮೊದಲ ತಿರುವಿನಲ್ಲೇ ಇನ್ನೊಂದು ಅಪಘಾತ. ಅಷ್ಟು ಕಷ್ಟಪಟ್ಟರೂ ಬೈಗುಳ ಮಾತ್ರ ತಪ್ಪಿದ್ದಲ್ಲ. 2022ರ ಆಸ್ಟ್ರೇಲಿಯಾ ರೇಸಿನಲ್ಲಿ ವೆರ್ಸ್ಟಾಪೆನ್ ಇವರ ಆಸ್ಟನ್ ಮಾರ್ಟಿನ್ ಸೇಫ್ಟಿ ಕಾರನ್ನು ಆಮೆಗೆ ಹೋಲಿಸಿದ್ದರು!

ಮೈಲೆಂಡರ್ ಹತ್ತಿರ ನಾನು ಕೇಳೋದು 2021ರ ಬೆಲ್ಜಿಯಂ ರೇಸ್ ಬಗ್ಗೆ. ಅಲ್ಲಿನ ಸ್ಪಾ ಟ್ರ್ಯಾಕಿನಲ್ಲಿ ಮಳೆ ನಿಲ್ಲಲೇ ಇಲ್ಲ. ಕಾದೂ ಕಾದೂ ಕೊನೆಗೆ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹಾಕಿಸಿ, ಎಂದಿನ ಅರ್ಧದಷ್ಟು ಪಾಯಿಂಟ್ ಕೊಟ್ಟು ಮುಗಿಸಿದರು. ಟ್ರ್ಯಾಕ್ ಹೇಗಿದೆ ಅಂತ ರೇಸ್ ನಡೆಸುವ ಅಧಿಕಾರಿಗಳಿಗೆ, ಅಂದರೆ ರೇಸ್ ಕಂಟ್ರೋಲ್‌ಗೆ, ಹೇಳುವುದೂ ಅವರದೇ ಕೆಲಸ. ಅವತ್ತು ನೀವು ರೇಡಿಯೋದಲ್ಲಿ ಏನು ಹೇಳಿದಿರಿ? ಕನ್ನಡಿಯಲ್ಲಿ ಎಷ್ಟು ಕಾರು ಕಾಣಿಸುತ್ತಿದ್ದವು, ಬರೀ ನೀರಿನ ಮೋಡವಾ? ಇದಕ್ಕೆ ಉತ್ತರ ಕೊಡಬಲ್ಲವರು ಅವರು ಮತ್ತು ಪಕ್ಕದ ಸೀಟಿನಲ್ಲಿ ಕೂತ ಅವರ ಸಹಾಯಕ, ಇಬ್ಬರೇ.

ಎರಡನೆಯವರು ಕಾರು ವಿನ್ಯಾಸಕ ಗಾರ್ಡನ್ ಮರ್ರಿ. ಮೆಕ್‌ಲಾರೆನ್ ಎಫ್1 ರಸ್ತೆ ಕಾರಿನಲ್ಲಿ ಡ್ರೈವರ್ ಸೀಟನ್ನು ನಟ್ಟನಡುವೆ ಇಟ್ಟ ಮನುಷ್ಯ. ಆದರೆ ಆ ಕಾರಿನ ಬಗ್ಗೆ ಸಾಕಷ್ಟು ಮಾತಾಡಿದ್ದಾರೆ, ಅದು ಬೇಡ. ನನಗೆ ಬೇಕಿರೋದು ಅವರು 1978ರಲ್ಲಿ ಬ್ರಾಭಮ್ ಅನ್ನೋ ಫಾರ್ಮುಲಾ ಒನ್ ತಂಡಕ್ಕೆ ಮಾಡಿದ ಫ್ಯಾನ್ ಕಾರಿನ ಕಥೆ. ಆ ವರ್ಷ ಎದುರಾಳಿ ತಂಡ ಲೋಟಸ್‌ನ ಕಾರಿನ ಅಡಿಯಲ್ಲಿ ಗಾಳಿ ಹರಿಯುವ ರೀತಿಯೇ ಅದನ್ನು ರಸ್ತೆಗೆ ಒತ್ತಿ ಹಿಡಿಯುತ್ತಿತ್ತು. ಬ್ರಾಭಮ್‌ನಲ್ಲಿದ್ದ ಆಲ್ಫಾ ರೋಮಿಯೋ ಎಂಜಿನ್ ಬಹಳ ಅಗಲ, ಅಡಿಯಲ್ಲಿ ಅಂಥದ್ದಕ್ಕೆ ಜಾಗವೇ ಇಲ್ಲ. ಮರ್ರಿ ಹಿಂದೆ ಒಂದು ದೊಡ್ಡ ಫ್ಯಾನ್ ಹಾಕಿ ಅಡಿಯ ಗಾಳಿಯನ್ನೇ ಎಳೆದುಬಿಟ್ಟರು. ಯಾರಾದರೂ ಕೇಳಿದರೆ ಎಂಜಿನ್ ತಂಪು ಮಾಡೋಕೆ ಅನ್ನೋದು! ನಿಯಮದ ಪ್ರಕಾರ ಅದು ಪೂರ್ತಿ ಸುಳ್ಳೂ ಅಲ್ಲ, ಅದೇ ಮಜಾ. ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಕಾರು ನೆಲದ ಕಡೆ ಕುಸಿದು ಕೂರುತ್ತಿತ್ತಂತೆ. ನಿಕಿ ಲೌಡಾ ಸ್ವೀಡನ್‌ನಲ್ಲಿ ಅದನ್ನು ಓಡಿಸಿ ಅರ್ಧ ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಉಳಿದ ತಂಡಗಳು ಗಲಾಟೆ ಎಬ್ಬಿಸಿದವು, ತಂಡದ ಮಾಲೀಕ ಬರ್ನಿ ಎಕ್ಲೆಸ್ಟನ್ ಕಾರನ್ನು ವಾಪಸ್ ತೆಗೆದುಕೊಂಡರು, ಅದು ಮತ್ತೆಂದೂ ಫಾರ್ಮುಲಾ ಒನ್ ರೇಸ್ ಓಡಲಿಲ್ಲ. ಗೆಲುವು ಮಾತ್ರ ದಾಖಲೆಯಲ್ಲಿ ಹಾಗೇ ಉಳಿಯಿತು. ನನ್ನ ಪ್ರಶ್ನೆ: ಬರ್ನಿ ಆ ವಿಷಯ ನಿಮಗೆ ಹೇಳಿದಾಗ ಜಗಳ ಆಡಿದಿರಾ, ಅಥವಾ ಒಂದೇ ರೇಸಿನ ಆಟ ಇದು ಅಂತ ಮೊದಲೇ ಗೊತ್ತಿತ್ತಾ?

ರ‍್ಯಾಲಿಯಿಂದ ಆದರೆ ಲೂಯಿಸ್ ಮೋಯಾ. ಡ್ರೈವರ್ ಕಾರ್ಲೋಸ್ ಸೈನ್ಸ್ ಜೊತೆ ಕೂತು 1990 ಮತ್ತು 1992ರಲ್ಲಿ ವಿಶ್ವ ಚಾಂಪಿಯನ್ ಆದ ಕೋ-ಡ್ರೈವರ್, ಅಂದರೆ ಪಕ್ಕದ ಸೀಟಿನಲ್ಲಿ ಕೂತು ಮುಂದೆ ಬರುವ ತಿರುವುಗಳನ್ನು ಪುಸ್ತಕ ನೋಡಿ ಓದಿ ಹೇಳುವವರು. 1998ರ ಕೊನೆಯ ರ‍್ಯಾಲಿಯಲ್ಲಿ ಇವರಿಗೆ ನಾಲ್ಕನೇ ಸ್ಥಾನ ಸಿಕ್ಕಿದ್ದರೂ ಸಾಕಿತ್ತು, ವಿಶ್ವ ಪಟ್ಟ ಇವರದೇ ಆಗುತ್ತಿತ್ತು. ಕೊನೇ ಹಂತ (ಸ್ಟೇಜ್) ಮುಗಿಯೋಕೆ ಸುಮಾರು 500 ಮೀಟರ್ ಇರುವಾಗ ಅವರ ಟೊಯೋಟಾ ಕೊರೊಲ್ಲಾದ ಎಂಜಿನ್ ಕೈಕೊಟ್ಟಿತು. ಮೋಯಾ ಸಿಟ್ಟಿಗೆ ಹೆಲ್ಮೆಟ್ಟಿನಿಂದ ಕಾರಿನ ಹಿಂದಿನ ಗಾಜನ್ನೇ ಒಡೆದರು. ಆ ವಿಡಿಯೋ ಎಲ್ಲರೂ ನೋಡಿದ್ದಾರೆ, ಹಾಗಾಗಿ "ಹೇಗನ್ನಿಸಿತು" ಅಂತ ನಾನು ಕೇಳಲ್ಲ (ಇದಕ್ಕಿಂತ ದಂಡ ಪ್ರಶ್ನೆ ಇನ್ನೊಂದಿಲ್ಲ). ಸ್ಟೀರಿಂಗ್ ಕೈಯಲ್ಲಿಲ್ಲ, ಕಣ್ಣು ಪೂರ್ತಿ ಪುಸ್ತಕದ ಮೇಲೆ, ಆದರೂ ಕಾರು ಯಾವ ತಿರುವಿನಲ್ಲಿದೆ ಅಂತ ನಿಮ್ಮ ಮೈಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತೇನೆ.

ಸಮಯ ಉಳಿದರೆ ವ್ಯಾಲೆಂಟಿನೋ ಬಾಲ್ಬೋನಿ. 1968ರಲ್ಲಿ ಲ್ಯಾಂಬೊರ್ಗಿನಿ ಸೇರಿ, ದಶಕಗಳ ಕಾಲ ಟೆಸ್ಟ್ ಡ್ರೈವರ್ ಆಗಿದ್ದವರು. ಅವರ ಹೆಸರಲ್ಲೇ ಕಂಪನಿ ಗಯಾರ್ಡೋ ಮಾದರಿಯ 250 ಕಾರುಗಳನ್ನು ಮಾಡಿತು, ನಾಲ್ಕು ಚಕ್ರದ ಬದಲು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವಂಥದ್ದು. ಇವರ ಸಂದರ್ಶನ ಸೋಫಾದ ಮೇಲೆ ಬೇಡ, ಕಾರಿನೊಳಗೇ ಆಗಬೇಕು. ಹೊಸ ಕಾರಿನಲ್ಲಿ ಯಾವ ಸದ್ದು ಕೇಳಿದರೆ ಅದನ್ನು ಫ್ಯಾಕ್ಟರಿಗೆ ವಾಪಸ್ ಕಳಿಸುತ್ತಿದ್ದಿರಿ, ಆ ಸದ್ದು ಮಾಡಿ ತೋರಿಸಿ ಅನ್ನುತ್ತೇನೆ.